ಬೆನ್ನುನೀರಿನಲ್ಲಿ ಕಂಡ ಬಲೆ

ಇಪ್ಪತ್ತಾರು ವರ್ಷ ನಾನು ಪುಣೆಯ ಒಂದು ಸರಕಾರಿ ಆಸ್ಪತ್ರೆಯ ಲ್ಯಾಬೊರೇಟರಿಯಲ್ಲಿ ಕುಳಿತು, ಬೇರೆಯವರ ಬೆನ್ನಿನ ನೀರು ನೋಡಿ ಸಂಸಾರ ಸಾಗಿಸಿದೆ. ಈ ವರ್ಷ ಐವತ್ತೈದು ತುಂಬಿತೆಂದು ಸರಕಾರ ನನ್ನನ್ನು ಮನೆಗೆ ಕಳಿಸಿತು. ಕೆಲವು ತಿಂಗಳಲ್ಲಿ ಆ ಬ್ರಿಟಿಷ್ ಸರಕಾರವೂ ತನ್ನ ಮನೆಗೆ ಹೋಯಿತು. ಎರಡಕ್ಕೂ ಸಂಬಂಧವಿಲ್ಲ ಎಂದು ನನ್ನ ಹೆಂಡತಿ ಖಾತ್ರಿ ಕೊಟ್ಟಿದ್ದಾಳೆ.

ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಇಬ್ಬರು ಮೊನ್ನೆ ಬಂದು, ನಿಮ್ಮ ಅನುಭವ ಬರೆದುಕೊಡಿ ಅಂದರು. ನನ್ನ ಅನುಭವದಲ್ಲಿ ಅರ್ಧ ತಪ್ಪು, ಉಳಿದರ್ಧ ಆ ತಪ್ಪು ಯಾರಿಗಾದರೂ ಗೊತ್ತಾದೀತೆಂಬ ಚಿಂತೆ. ಅದೇ ಬೇಕು ಅಂದರು. ಸರಿ, ಬರೆಯುತ್ತೇನೆ.

ಮಿದುಳು ಮತ್ತು ಬೆನ್ನುಹುರಿಯ ಸುತ್ತ ತಿಳಿಯಾದ ಒಂದು ನೀರು ಇರುತ್ತದೆ. ಮಿದುಳಿನೊಳಗೆ ಏನು ನಡೆದಿದೆ ಎಂದು ಬಾಗಿಲು ತೆರೆದು ನೋಡಲು ಬರುವುದಿಲ್ಲ. ಅದಕ್ಕೇ ಸೊಂಟದ ಹತ್ತಿರ, ಬೆನ್ನಿನ ಎರಡು ಮಣಿಗಳ ನಡುವೆ, ಡಾಕ್ಟರು ಸೂಜಿ ಚುಚ್ಚಿ ಎರಡು ಚಮಚೆಯಷ್ಟು ನೀರು ತೆಗೆದು ನಮಗೆ ಕಳಿಸುತ್ತಾರೆ. ಮೇಲಿನ ಮನೆಯ ಜಗಳ ಕೆಳಗಿನ ಮನೆಯ ಮೋರಿಯಲ್ಲಿ ತಿಳಿಯುವಂತೆ, ಮಿದುಳಿನ ರೋಗ ಈ ನೀರಿನಲ್ಲಿ ತಿಳಿಯುತ್ತದೆ. ಕೆಲಸ ಇಷ್ಟೇ.

ಕೆಲಸಕ್ಕೆ ಸೇರಿದ ಮೊದಲ ದಿನ ಮನೆಗೆ ಬಂದು ಹೆಂಡತಿ ಗಂಗೂಗೆ ಇದನ್ನೆಲ್ಲ ಹೇಳಿದೆ. ನಾವು ಧಾರವಾಡದಿಂದ ಬಂದು ಸದಾಶಿವ ಪೇಟೆಯ ಒಂದು ವಾಡೆಯಲ್ಲಿ ಎರಡು ಖೋಲಿ ಹಿಡಿದಿದ್ದೆವು.

"ಬೆನ್ನಾಗ ನೀರು ಇರ್ತದೇನ್ರಿ?" ಅಂದಳು.

"ಇರ್ತದ."

"ನನ್ನ ಬೆನ್ನಾಗೂ?"

"ಎಲ್ಲಾರ ಬೆನ್ನಾಗೂ."

"ಮತ್ತ ಬಗ್ಗಿ ಕಸಾ ಹೊಡದಾಗ ಚೆಲ್ಲೂದಿಲ್ಲೇನು?"

ಚೆಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಮುಂದೆ ಒಂದು ವಾರ ಬೂಟಿನ ದಾರ ಕಟ್ಟಲು ಬಗ್ಗುವಾಗ ಸ್ವಲ್ಪ ನಿಧಾನವಾಗಿ ಬಗ್ಗಿದೆ.

ನನ್ನ ಮೇಲಧಿಕಾರಿ ಡಾಕ್ಟರ್ ಲಿಮಯೆ. ಮನೆಮಾತು ಮರಾಠಿ, ಹುಟ್ಟಿ ಬೆಳೆದದ್ದು ಬೆಳಗಾವಿ. ಆಫೀಸಿನಲ್ಲಿ ಮರಾಠಿ ಮಾತಾಡುವರು, ಸಾಹೇಬರೊಡನೆ ಇಂಗ್ಲಿಷು. ಸಿಟ್ಟು ಬಂದಾಗ ಮಾತ್ರ ಅವರ ಬಾಯಿಂದ ಕನ್ನಡ ಬರುತ್ತಿತ್ತು. ಆ ಪ್ರಯೋಗಶಾಲೆಯಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ ಆದ್ದರಿಂದ ಅವರ ಸಿಟ್ಟಿಗೆ ಬೇರೆ ವಾರಸುದಾರರಿರಲಿಲ್ಲ.

ಮೊದಲ ಸಲ ಆ ಕನ್ನಡ ಕೇಳಿದ್ದು ಸೇರಿದ ತಿಂಗಳಲ್ಲೇ. ತಲೆನೋವೆಂದು ಬಂದಿದ್ದ ಒಬ್ಬ ಪೊಲೀಸ್ ಪೇದೆಯ ಬೆನ್ನುನೀರನ್ನು ಬಣ್ಣದ ದ್ರವದಲ್ಲಿ ಬೆರೆಸಿ, ಗೆರೆ ಕೊರೆದ ಗಾಜಿನ ಮೇಲೆ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕಣ ಎಣಿಸಬೇಕಿತ್ತು. ಆರೋಗ್ಯವಂತನ ನೀರಿನಲ್ಲಿ ಬೆರಳೆಣಿಕೆಯಷ್ಟು ಇರುತ್ತವೆ. ನಾನು ಎಣಿಸಿ ಎಣಿಸಿ ಸಾವಿರ ದಾಟಿಸಿದೆ. ಲಿಮಯೆಯವರು ನನ್ನ ಚೀಟಿ ಹಿಡಿದುಕೊಂಡು ಕಿಟಕಿಯ ಹತ್ತಿರ ನನ್ನನ್ನು ಕರೆದರು.

"ಕಟ್ಟಿಯವರ, ನಿಮ್ಮ ಲೆಕ್ಕದ ಪ್ರಕಾರ ಈ ಮನಶಾ ಇವತ್ತು ಎಚ್ಚರ ತಪ್ಪಿ ಬಿದ್ದಿರಬೇಕು. ಅಲ್ಲಿ ನೋಡ್ರಿ, ಗೇಟಿನ ಹತ್ರ ನಿಂತು ಭಜಿ ತಿನ್ನಾಕತ್ತಾನ."

ಬಣ್ಣದ ಸೀಸೆಯಲ್ಲೇ ಬೂಷ್ಟು ಬೆಳೆದಿತ್ತು. ನಾನು ಎಣಿಸಿದ್ದು ಬೂಷ್ಟನ್ನು, ಬಹಳ ಶ್ರದ್ಧೆಯಿಂದ. ಅಂದಿನಿಂದ ಬಣ್ಣವನ್ನು ದಿನಾ ಸೋಸುತ್ತಿದ್ದೆ. ನೀವೂ ಸೋಸಿರಿ.

ಮುಂದೆ ಬಂಗಾರದ ಪರೀಕ್ಷೆ ಬಂತು. ಚಿನ್ನದ ಲವಣವನ್ನು ಮೂರು ಸಲ ಭಟ್ಟಿಯಿಳಿಸಿದ ನೀರಿನಲ್ಲಿ ಕಾಯಿಸಿದರೆ ಕೋಕಮ್ ಪಾನಕದಂತೆ ಕೆಂಪಾದ ದ್ರವ ಆಗಬೇಕು. ಆಗಬೇಕು ಅಂದೆ, ಆಗುತ್ತಿತ್ತು ಅನ್ನಲಿಲ್ಲ. ಗಾಜಿಗೆ ಇನಿತು ಜಿಡ್ಡು ಇದ್ದರೆ ನೀಲಿಯಾಗಿ ಕೆಡುತ್ತಿತ್ತು. ಸರಿಯಾದ ದ್ರವವನ್ನು ಹತ್ತು ನಳಿಗೆಗಳಲ್ಲಿ ಹಾಕಿ, ಬೆನ್ನುನೀರನ್ನು ಒಂದಕ್ಕಿಂತ ಒಂದರಲ್ಲಿ ತೆಳುಮಾಡಿ ಬೆರೆಸಿ, ಮಾರನೆಯ ದಿನ ಯಾವ ನಳಿಗೆ ಎಷ್ಟು ಬಣ್ಣ ಕಳೆದುಕೊಂಡಿದೆ ಎಂದು ಸೊನ್ನೆಯಿಂದ ಐದರವರೆಗೆ ಅಂಕ ಬರೆಯಬೇಕು. ಯೌವನದಲ್ಲಿ ಅಂಟಿದ, ಮನೆಯವರು ಹೆಸರು ಹೇಳದ ರೋಗ ಇಪ್ಪತ್ತು ವರ್ಷದ ಮೇಲೆ ಮಿದುಳಿಗೆ ಏರಿದ್ದರೆ ಮೊದಲ ನಾಲ್ಕೈದು ನಳಿಗೆಗಳು ಬಿಳಿಚಿಕೊಳ್ಳುತ್ತಿದ್ದವು. ರೋಗದ ಹೆಸರು ನಾವು ಬಾಯಿಬಿಟ್ಟು ಹೇಳಬಾರದು, ಅಂಕ ಮಾತ್ರ ಬರೆಯಬೇಕೆಂದು ಲಿಮಯೆಯವರ ಕಟ್ಟಪ್ಪಣೆ. ಎಷ್ಟೋ ದೊಡ್ಡ ಮನುಷ್ಯರ ಹತ್ತು ಅಂಕೆ ನನಗೆ ಗೊತ್ತು. ಹಾದಿಯಲ್ಲಿ ಎದುರಾದರೆ ನಾನೇ ತಲೆ ತಗ್ಗಿಸುತ್ತಿದ್ದೆ.

ನಿಮ್ಮ ಗಂಡನಿಗೆ ಬಂಗಾರದ ಪರೀಕ್ಷೆ ಮಾಡಬೇಕು ಎಂದು ವಾರ್ಡಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ ಒಬ್ಬ ಹೆಂಗಸು ಗುಂಡಿನ ಸರದಿಂದ ಎರಡು ಗುಂಡು ಬಿಡಿಸಿಕೊಂಡು ಬಂದು, "ಇಷ್ಟು ಸಾಕೇನ್ರಿ? ಅವರಿಗೆ ಗೊತ್ತಾಗಬಾರದು" ಅಂದಳು. ಬೇಡವೆಂದು ನಾನು ಹೇಳುವುದರೊಳಗೆ ನನ್ನ ಕೈಯಲ್ಲಿಟ್ಟು ಹೋಗಿಯೇಬಿಟ್ಟಳು. ಮೂರು ದಿನ ಆ ಗುಂಡುಗಳನ್ನು ಜನಿವಾರಕ್ಕೆ ಕಟ್ಟಿಕೊಂಡು ಓಡಾಡಿ, ಅವಳು ಮತ್ತೆ ಸಿಕ್ಕಾಗ ಹಿಂದಿರುಗಿಸಿದೆ. ಆ ಮೂರು ದಿನ ಅಂಜಿದಷ್ಟು ಮುಂದೆ ಬಂದ ಪ್ಲೇಗಿಗೂ ಅಂಜಲಿಲ್ಲ.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ. ಇಲ್ಲಿಯವರೆಗೆ ಬರೆದದ್ದು ಇದನ್ನು ಮುಂದೂಡಲು ಎಂದು ಜಾಣರಿಗೆ ಹೊಳೆದಿರಬಹುದು.

ಮಿದುಳಿನ ಪೊರೆಗೆ ಉರಿಯೂತವಾದಾಗ ಎರಡು ಸಾಧ್ಯತೆ ನಮ್ಮನ್ನು ಕಾಡುತ್ತಿದ್ದವು. ಒಂದು, ಸಾದಾ ಕೀವಿನ ರೋಗಾಣು. ಯುದ್ಧದ ಹೊತ್ತಿಗೆ ಅದಕ್ಕೆ ಸಲ್ಫಾ ಗುಳಿಗೆ ಬಂದಿತ್ತು. ನಾಲ್ಕು ತಾಸಿಗೊಮ್ಮೆ ಕೊಟ್ಟರೆ ಮಗು ಎದ್ದು ಕೂಡುತ್ತಿತ್ತು. ಇನ್ನೊಂದು ಕ್ಷಯ. ಅದಕ್ಕೆ ಏನೂ ಇರಲಿಲ್ಲ. ಅಮೆರಿಕದಲ್ಲಿ ಈಗ ಅದಕ್ಕೂ ಮದ್ದು ಕಂಡುಹಿಡಿದಿದ್ದಾರೆಂದು ಪತ್ರಿಕೆಯಲ್ಲಿ ಓದುತ್ತೇನೆ. ಆಗ ಕ್ಷಯ ಅಂದರೆ, ಮನೆಗೆ ಕರೆದುಕೊಂಡು ಹೋಗಿ ಎಂದು ಅರ್ಥ. ಯುದ್ಧಕಾಲದಲ್ಲಿ ಗುಳಿಗೆಗಳ ಕೊರತೆ; ಉಳಿಯದವರಿಗೆ ಕೊಡುವಂತಿರಲಿಲ್ಲ.

ಎರಡರ ನಡುವೆ ಭೇದ ಹೇಳುವುದು ನಮ್ಮ ನಳಿಗೆ. ಕ್ಷಯದ ನೀರಿನಲ್ಲಿ ಉಪ್ಪಿನ ಅಂಶ ಬಹಳ ಇಳಿದಿರುತ್ತದೆ. ಮತ್ತೆ, ನೀರನ್ನು ಒಂದು ದಿನ ಅಲ್ಲಾಡಿಸದೆ ಇಟ್ಟರೆ ಅದರೊಳಗೆ ಜೇಡರ ಬಲೆಯಂಥ ನವಿರಾದ ಹೆಪ್ಪು ಇಳಿಬೀಳುತ್ತದೆ. ಆ ಬಲೆಯಲ್ಲಿ ರೋಗಾಣು ಸಿಕ್ಕಿಕೊಂಡಿರುತ್ತದೆ. ಇದಕ್ಕಾಗಿ ನಮ್ಮಲ್ಲಿ ಒಂದು ಸಣ್ಣ ಕೋಣೆ ಇತ್ತು. ಕಿಟಕಿ ಸದಾ ಮುಚ್ಚಿ, ಗಾಳಿಯೂ ಆಡದಂತೆ ನೋಡಿಕೊಳ್ಳುತ್ತಿದ್ದೆವು. ನಳಿಗೆಯ ಬಾಯಿಗೆ ಹತ್ತಿಯ ಬಿರಡೆ ಹಾಕಬಾರದು, ಎಳೆ ಉದುರಿ ಮೋಸವಾಗುತ್ತದೆ, ಗಾಜಿನ ಮುಚ್ಚಳವೇ ಹಾಕಬೇಕೆಂದು ಲಿಮಯೆಯವರು ಗೋಡೆಗೆ ಬರೆಸಿ ಅಂಟಿಸಿದ್ದರು. ಬರೆದವನು ನಾನೇ, ನನ್ನ ಅಕ್ಷರ ದುಂಡಗಿತ್ತು.

ಅದು ಚಲೇ ಜಾವ್ ಗದ್ದಲದ ವರ್ಷ. ಗಂಗೂ ವಾಡೆಯ ಹೆಂಗಸರೊಡನೆ ನೂಲುವ ವ್ರತ ಹಿಡಿದಿದ್ದಳು. ಮನೆಯ ಪ್ರತಿಯೊಬ್ಬರೂ ವಾರಕ್ಕೆ ಇಷ್ಟು ನೂಲು ಕೊಡಬೇಕೆಂದು ಅವರವರೇ ಗೊತ್ತುಮಾಡಿಕೊಂಡಿದ್ದರು. ನನ್ನಲ್ಲಿ ದೇಶಭಕ್ತಿ ಇತ್ತು, ಧೈರ್ಯ ಇರಲಿಲ್ಲ. ಸರಕಾರಿ ನೌಕರ ನಾನು, ವಾಡೆಯ ಅಂಗಳದಲ್ಲಿ ಕುಳಿತು ನೂತರೆ ಯಾರಾದರೂ ನೋಡಿಯಾರು ಎಂದು ಅಂಜಿಕೆ. ಯಾರೂ ನೋಡದ ಜಾಗ ಎಂದು ಯೋಚಿಸಿ ಯೋಚಿಸಿ ನಾನು ಆರಿಸಿಕೊಂಡದ್ದು ಸರಕಾರದ್ದೇ ಕಟ್ಟಡದ ಆ ಮುಚ್ಚಿದ ಕೋಣೆಯನ್ನು. ಗಾಳಿ ಆಡದ್ದರಿಂದ ಎಳೆ ಹರಿಯುತ್ತಿರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಒಂದು ಜೇಬಿನಿಂದ ತಕಲಿ, ಇನ್ನೊಂದರಿಂದ ಹತ್ತಿಯ ಹಂಜಿ ತೆಗೆದು, ಗೋಡೆಯ ಮೇಲಿನ ನನ್ನ ದುಂಡಗಿನ ಅಕ್ಷರಕ್ಕೆ ಮುಖ ಮಾಡಿ ಕುಳಿತು ನೂಲುತ್ತಿದ್ದೆ. ಇದು ಎಂಥ ಮೂರ್ಖತನ ಎಂದು ಬರೆಯುವಾಗ ಕಾಣುತ್ತದೆ. ನೂಲುವಾಗ ಕಂಡಿರಲಿಲ್ಲ; ಆಗ ನಾನು ಕಾಯುತ್ತಿದ್ದದ್ದು ಬಾಗಿಲನ್ನು, ನಳಿಗೆಗಳನ್ನಲ್ಲ.

ಆ ದಿನಗಳಲ್ಲಿ ಪುಣೆ ಹತ್ತಿರದ ಶಿರೂರಿನಿಂದ ನೀಲವ್ವ ಎಂಬ ಏಳು ವರ್ಷದ ಹುಡುಗಿ ಬಂದಳು. ತಂದೆ ಸಂಗಪ್ಪ ಬಾಗಲಕೋಟೆ ಕಡೆಯವರು, ಶಿರೂರಿನ ಪೇಟೆಯಲ್ಲಿ ಬೆಲ್ಲದ ವ್ಯಾಪಾರ. ಹುಡುಗಿಗೆ ಜ್ವರ, ವಾಂತಿ, ಕುತ್ತಿಗೆ ಮರದ ಹಾಗೆ ಸೆಟೆದಿತ್ತು. ಊರಿನ ಡಾಕ್ಟರು ಕೈಯಲ್ಲಿದ್ದ ನಾಲ್ಕಾರು ಸಲ್ಫಾ ಗುಳಿಗೆ ಕೊಟ್ಟು ಕಳಿಸಿದ್ದರು. ಅದರಿಂದಲೇ ತೊಡಕಾಯಿತು. ಅರ್ಧ ಔಷಧಿ ಬಿದ್ದ ಬೆನ್ನುನೀರು ಅರ್ಧ ತಿಳಿಯಾಗಿತ್ತು. ರೋಗಾಣು ಕಾಣಲಿಲ್ಲ. ಕೀವಿನಲ್ಲಿ ಹೆಚ್ಚುವ ಕಣ, ಕ್ಷಯದಲ್ಲಿ ಹೆಚ್ಚುವ ಕಣ, ಎರಡೂ ಜಾತಿಯವು ಬೆರೆತಿದ್ದವು. ಕೀವಿನದೂ ಅನ್ನಬಹುದು, ಕ್ಷಯವೂ ಅನ್ನಬಹುದು. ಗೊತ್ತಾಗುವವರೆಗೆ ಗುಳಿಗೆ ನಡೆಯಲಿ, ನಾಳೆ ಬಲೆ ನೋಡಿ ನಿರ್ಧರಿಸೋಣ ಎಂದು ಲಿಮಯೆಯವರು ವಾರ್ಡಿಗೆ ಹೇಳಿದರು.

ನಾನು ಉಪ್ಪಿನ ಅಂಶ ತೆಗೆದೆ. ಸ್ವಲ್ಪ ಇಳಿದಿತ್ತು, ಆದರೆ ಕ್ಷಯದಲ್ಲಿ ಇಳಿಯುವಷ್ಟಲ್ಲ. ನನ್ನ ಕೈಯೇ ತಪ್ಪಿರಬೇಕೆಂದು ಮತ್ತೆ ಮಾಡಿದೆ. ಅದೇ ಬಂತು. ಮೂರನೆಯ ಸಲವೂ ಅದೇ. ಮೂರು ಸಲ ಒಂದೇ ಉತ್ತರ ಬಂದರೆ ಬೇರೆಯವರಿಗೆ ಧೈರ್ಯ ಬರುತ್ತದೆ. ನನಗೆ ಒಂದೇ ತಪ್ಪನ್ನು ಮೂರು ಸಲ ಮಾಡಿದೆನೇನೋ ಅನ್ನಿಸಿತು. ಅಂಕೆ ಬರೆದಿಟ್ಟು ಸುಮ್ಮನಾದೆ.

ಮಧ್ಯಾಹ್ನ ಮುಚ್ಚಿದ ಕೋಣೆಗೆ ಹೋದಾಗ ನೀಲವ್ವನ ನಳಿಗೆಯಲ್ಲಿ ಏನಾದರೂ ಮೂಡಿದೆಯೇ ಎಂದು ಗಾಜಿನ ಮುಚ್ಚಳ ತೆಗೆದು ಇಣುಕಿದೆ. ಏನೂ ಇರಲಿಲ್ಲ. ಆಮೇಲೆ ಕುಳಿತು ನೂತೆ. ಮುಚ್ಚಳ ತಿರುಗಿ ಹಾಕಿದ್ದು ಏಳುವಾಗ.

ಮರುದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಲಿಮಯೆಯವರು ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ಮೇಲಿನಿಂದ ತಳದವರೆಗೆ ಇಳಿಬಿದ್ದ ನವಿರಾದ ಎಳೆಗಳನ್ನು ಕಂಡು, ಬಲೆ ಇದೆ ಎಂದು ಚೀಟಿ ಬರೆದು ಕಳಿಸಿಯಾಗಿತ್ತು. ವಾರ್ಡಿನಲ್ಲಿ ಗುಳಿಗೆ ನಿಲ್ಲಿಸಿದರು. ನನಗೆ ಉಳಿದ ಕೆಲಸ, ಆ ಬಲೆಯನ್ನು ಎತ್ತಿ ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ, ಕ್ಷಯದ ರೋಗಾಣು ಹುಡುಕುವುದು.

ಹನ್ನೊಂದು ಗಂಟೆಗೆ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟೆ. ಹೆಪ್ಪಿನ ಬಲೆಯಾದರೆ ಗೊತ್ತುಗುರಿಯಿಲ್ಲದ ಜಾಲ. ಕಣಗಳು ನೊಣದಂತೆ ಸಿಕ್ಕಿಕೊಂಡಿರುತ್ತವೆ. ಇಲ್ಲಿ ಕಂಡದ್ದು ಚಪ್ಪಟೆಯಾದ, ಅಲ್ಲಲ್ಲಿ ಹುರಿಗೊಂಡ ನಾಲ್ಕಾರು ಪಟ್ಟಿ. ಜಡೆಯ ರಿಬ್ಬನ್ನು ತಿರುಚಿಕೊಂಡ ಹಾಗೆ. ಯಾವ ಕಣವೂ ಅಂಟಿರಲಿಲ್ಲ. ಪ್ರಪಂಚದಲ್ಲಿ ಹಾಗೆ ತಿರುಚಿಕೊಳ್ಳುವುದು ಒಂದೇ, ಅದು ಹತ್ತಿಯ ಎಳೆ. ಖಾತ್ರಿಗಾಗಿ ನನ್ನ ಜೇಬಿನ ಹಂಜಿಯಿಂದ ಒಂದು ಎಳೆ ಕಿತ್ತು ಪಕ್ಕದಲ್ಲಿಟ್ಟು ನೋಡಿದೆ. ಅಕ್ಕತಂಗಿಯರ ಹಾಗಿದ್ದವು.

ಆಗಲೇ ಎದ್ದು ಹೋಗಬೇಕಾಗಿತ್ತು. ನಾನು ಮಾಡಿದ್ದು ಬೇರೆ. ಹತ್ತಿ ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಹೇಳಿದರೆ ಕೆಲಸ ಹೋಗುತ್ತದೆ, ಆ ವರ್ಷ ಬಹುಶಃ ಜೈಲೂ ಆದೀತು. ಇಬ್ಬರು ಮಕ್ಕಳು, ಅವರಲ್ಲಿ ಒಬ್ಬಳಿಗೆ ಮದುವೆ ಗೊತ್ತಾಗಿದೆ. ಹೀಗೆ ಯೋಚಿಸುತ್ತ ಕಾರಣ ಹೇಳದೆ ಕೆಲಸ ಮಾಡಿಸಿಕೊಳ್ಳುವ ಉಪಾಯ ಹುಡುಕಿದೆ. ಹನ್ನೆರಡಕ್ಕೆ ವಾರ್ಡಿಗೆ ಹೋಗಿ ಅಲ್ಲಿಯ ಡಾಕ್ಟರಿಗೆ, ಇನ್ನೊಮ್ಮೆ ಬೆನ್ನುನೀರು ತೆಗೆದರೆ ಹೇಗೆ ಎಂದು ಕೇಳಿದೆ.

"ಯಾಕೆ?" ಎಂದರು.

"ಸುಮ್ಮನೆ, ಖಾತ್ರಿಗೆ."

"ಸಾಯುವ ಕೂಸಿಗೆ ಸುಮ್ಮನೆ ಸೂಜಿ ಚುಚ್ಚಲೇ?" ಎಂದು ಮರಾಠಿಯಲ್ಲಿ ಕೇಳಿ ಹೋಗಿಬಿಟ್ಟರು. ಅವರದು ಸರಿಯಾಗಿಯೇ ಇತ್ತು.

ಮೂರು ಗಂಟೆಯ ಸುಮಾರಿಗೆ ವರಾಂಡದಲ್ಲಿ ಸಂಗಪ್ಪ ಹಾಸಿಗೆ ಸುತ್ತುತ್ತಿದ್ದರು. ಶಿರೂರಿನ ಬಸ್ಸು ನಾಲ್ಕಕ್ಕೆ. ಇದ್ದಿಲ ಹೊಗೆಯಲ್ಲಿ ಓಡುವ ಯುದ್ಧಕಾಲದ ಬಸ್ಸು. ತಪ್ಪಿದರೆ ಮತ್ತೆ ನಾಳೆಗೆ. ನನ್ನನ್ನು ನೋಡಿ ಎದ್ದು ನಿಂತರು. ಬಂದ ದಿನವೇ ನಮ್ಮ ಮಾತು ಒಂದೇ ಎಂದು ಅವರಿಗೆ ಗೊತ್ತಾಗಿತ್ತು.

"ರಾಯರ, ಆ ನೀರು ನೀವ ನೋಡಿದ್ರೇನ್ರಿ?"

"ನಾನೂ ನೋಡೇನ್ರಿ."

"ಇವರು ಮರಾಠಿಯೊಳಗ ಹೇಳಿದ್ರು. ನನಗ ಸರಿ ತಿಳೀಲಿಲ್ಲೋ ಏನೋ. ನೀವು ಕನ್ನಡದಾಗ ಒಮ್ಮಿ ಹೇಳ್ರಿ. ಆಕಿ ಅವ್ವ ಮನ್ಯಾಗ ಕುಂತಾಳ. ಆಕಿಗೆ ಹೋಗಿ ಹೇಳಾಕ ನನಗ ಮಾತು ಬೇಕಲ್ರಿ."

ನನ್ನ ಬಾಯಿಂದ ಬಂದದ್ದು, "ಹಾಸಿಗಿ ಸುತ್ತಬ್ಯಾಡ್ರಿ. ಒಂದು ಹತ್ತು ನಿಮಿಷ ತಡೀರಿ" ಎಂದಷ್ಟೇ. ಕಾಲು ನನಗಿಂತ ಮೊದಲು ಹೊರಟಿತ್ತು.

ಲಿಮಯೆಯವರು ಏನೋ ಬರೆಯುತ್ತಿದ್ದರು. ನಾನು ಜೇಬಿನಿಂದ ತಕಲಿ ತೆಗೆದು ಅವರ ಮೇಜಿನ ಮೇಲಿಟ್ಟೆ.

"ಹೇ ಕಾಯ್?" ಅಂದರು, ಇದೇನು ಎಂದು.

"ತಕಲಿ ರೀ."

ಪೆನ್ನಿನ ತುದಿಯಿಂದ ಅದನ್ನು ಉರುಳಿಸಿ ನೋಡಿದರು. ಆಮೇಲೆ ಕನ್ನಡ ಬಂತು.

"ತಕಲಿ ಅನ್ನೂದು ನನಗ ಕಾಣಸ್ತದ. ನನ್ನ ಮೇಜಿನ ಮ್ಯಾಲೆ ಯಾಕ ಅದ?"

ಹೇಳಿದೆ. ಮುಚ್ಚಿದ ಕೋಣೆ, ತೆಗೆದಿಟ್ಟ ಮುಚ್ಚಳ, ತಿರುಚಿದ ಎಳೆ, ಕೊನೆಗೆ ಇಳಿಯದ ಉಪ್ಪು, ಎಲ್ಲ.

"ಗೊತ್ತಾಗಿದ್ದು ಎಷ್ಟೊತ್ತಿಗೆ?"

"ಹನ್ನೊಂದಕ್ಕ."

"ಈಗ ಮೂರು ಹೊಡದು ಹತ್ತು ನಿಮಿಷ."

"ಹೌದ್ರಿ."

"ನಾಕು ತಾಸು ಏನು ಮಾಡಿದ್ರಿ?"

"ಅಂಜಿಕೊಂಡು ಕೂತಿದ್ದೆ ರೀ."

ಅವರು ಎದ್ದರು. ಕೋಟು ಕುರ್ಚಿಯ ಬೆನ್ನಿಗೇ ಉಳಿಯಿತು. ಅಷ್ಟು ವರ್ಷದಲ್ಲಿ ಕೋಟಿಲ್ಲದೆ ಅವರು ವಾರ್ಡಿಗೆ ಹೋದದ್ದು ಅದೊಂದೇ ಸಲ. ಅರ್ಧ ತಾಸಿನಲ್ಲಿ ಮತ್ತೆ ಗುಳಿಗೆ ಶುರುವಾಯಿತು. ಎಚ್ಚರವಿಲ್ಲದ ಹುಡುಗಿಗೆ ಅರೆದು ಮೂಗಿನ ನಳಿಕೆಯಲ್ಲಿ ಇಳಿಸಿದರು. ಹೊಸದಾಗಿ ತೆಗೆದ ನೀರನ್ನು ಲಿಮಯೆಯವರು ತಮ್ಮ ಕೈಯಾರೆ ಮುಚ್ಚಿ, ತಮ್ಮ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಎರಡು ದಿನವಾದರೂ ಅದರಲ್ಲಿ ಬಲೆ ಮೂಡಲಿಲ್ಲ. ಆರನೆಯ ದಿನ ನೀಲವ್ವ ಕಣ್ಣು ಬಿಟ್ಟು ನೀರು ಕೇಳಿದಳು.

ಆ ದಿನ ಅವಳಿಗೆ ಎರಡು ಹೊತ್ತಿನ ಗುಳಿಗೆ ತಪ್ಪಿತ್ತು, ಹತ್ತು ಗಂಟೆಯದು ಮತ್ತು ಎರಡು ಗಂಟೆಯದು. ಮೊದಲನೆಯದನ್ನು ಹತ್ತಿಯ ಮೇಲೆ ಹಾಕಬಹುದು. ಎರಡನೆಯದು ಪೂರ್ತಿ ನನ್ನದು.

ನೌಕರಿ ಹೋಗಲಿಲ್ಲ. ನಳಿಗೆಯಲ್ಲಿ ಧೂಳು ಬಿದ್ದು ಮೊದಲ ವರದಿ ತಪ್ಪಾಯಿತು ಎಂದು ಲಿಮಯೆಯವರು ಕಾಗದದಲ್ಲಿ ಬರೆದರು. ನಾನು ಅದನ್ನು ಎರಡನೆಯ ಸಲ ಓದುವುದನ್ನು ನೋಡಿ, "ಸುಳ್ಳೇನಲ್ಲ. ಯಾವ ಧೂಳು ಅಂತ ಸರಕಾರ ಕೇಳಿಲ್ಲ. ಮತ್ತ ಅದನ್ನ ನೋಡಿ ಬಲಿ ಅಂದಾಂವ ನಾನು" ಅಂದರು. ತಕಲಿಯನ್ನು ತಿರುಗಿ ಕೊಡಲಿಲ್ಲ. ಆ ವಾರ ನನ್ನ ಪಾಲಿನ ನೂಲು ಕಡಿಮೆ ಬಿದ್ದಿತೆಂದು ಗಂಗೂ ವಾಡೆಯ ಹೆಂಗಸರೆದುರು ತಲೆ ತಗ್ಗಿಸಬೇಕಾಯಿತು. ಮನೆಗೆ ಬಂದು, "ನಿಮ್ಮಿಂದ ಸ್ವರಾಜ್ಯ ಬರೂದು ತಡ ಆಗ್ತದ" ಅಂದಳು. ನಾನು ಒಪ್ಪಿಕೊಂಡೆ.

ನಾಲ್ಕೈದು ತಿಂಗಳಾದ ಮೇಲೆ ಸಂಗಪ್ಪ ಮಗಳನ್ನು ಕರೆದುಕೊಂಡು ಪ್ರಯೋಗಶಾಲೆಗೆ ಬಂದರು. ಹುಡುಗಿ ಮೈ ತುಂಬಿಕೊಂಡಿದ್ದಳು. ಹೊಸ ಲಂಗ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. "ಬಾರವ್ವಾ ನೀಲವ್ವ" ಎಂದು ಕರೆದೆ. ಅವಳು ಗೋಡೆಯ ಗಡಿಯಾರ ನೋಡುತ್ತ ನಿಂತಿದ್ದಳು. ಮತ್ತೆ ಕರೆದೆ. ಸಂಗಪ್ಪ ಅವಳ ಭುಜ ಮುಟ್ಟಿ ನನ್ನ ಕಡೆ ತಿರುಗಿಸಿದರು. ಆಗ ನಕ್ಕಳು.

"ಕಿವಿ ಹೋಗ್ಯಾವ್ರಿ" ಅಂದರು ಸಂಗಪ್ಪ. "ಎರಡೂ. ಜಡ್ಡು ಬಿಟ್ಟ ಮ್ಯಾಲೆ ಗೊತ್ತಾತು. ಹೋಗಲಿ ಬಿಡ್ರಿ, ಜೀವ ಉಳೀತಲ್ಲ. ನೀವು ಅವತ್ತು ಹಾಸಿಗಿ ಸುತ್ತಬ್ಯಾಡ ಅಂದ್ರಲ್ಲ, ಆಕಿ ಅವ್ವ ದಿನಾ ನೆನಸ್ತಾಳ."

ಈ ರೋಗದಲ್ಲಿ ಕಿವಿ ಹೋಗುವುದು ಹೊಸದಲ್ಲ. ಒಂದು ಗುಳಿಗೆಯೂ ತಪ್ಪದ ಮಕ್ಕಳಿಗೂ ಹೋಗಿದೆ. ಇದನ್ನು ನನಗೆ ನಾನೇ ಹೇಳಿಕೊಂಡೆ. ಅವರು ಹೊರಟು ನಿಂತಿದ್ದರು, ಸುಮ್ಮನಿದ್ದರೆ ಆಗುತ್ತಿತ್ತು. ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತಿತ್ತು ಕೂಡ. ಆದರೆ ಹುಡುಗಿ ನನ್ನ ತುಟಿಗಳನ್ನೇ ನೋಡುತ್ತಿದ್ದಳು, ಏನೋ ಹೇಳುತ್ತಾನೆಂದು.

"ಸಂಗಪ್ಪನವರ, ಕೂಡ್ರಿ" ಅಂದೆ. ಎಲ್ಲ ಹೇಳಿದೆ. ನೂತದ್ದು, ಹನ್ನೊಂದು ಗಂಟೆ, ಮೂರು ಗಂಟೆ, ಎರಡು ಹೊತ್ತಿನ ಗುಳಿಗೆ.

ಅವರು ಮಗಳ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಕೇಳಿದರು. "ಆ ಎರಡು ಗುಳಿಗಿ ಬಿದ್ದಿದ್ರ ಕಿವಿ ಉಳೀತಿದ್ವೇನ್ರಿ?"

"ಗೊತ್ತಿಲ್ರಿ. ಯಾರಿಗೂ ಗೊತ್ತಾಗೂದಿಲ್ಲ."

"ನಿಮಗೂ?"

"ನನಗೂ."

ಅವರು ಎದ್ದು ಮಗಳ ಕೈ ಹಿಡಿದುಕೊಂಡರು. ಬಾಗಿಲವರೆಗೆ ಹೋಗಿ, ಮುಚ್ಚಿದ ಕೋಣೆಯ ಕಡೆ ನೋಡಿದರು. ಅದೇ ಕೋಣೆ ಎಂದು ನಾನು ಹೇಳಿರಲಿಲ್ಲ.

"ಈಗ ಅಲ್ಲಿ ಯಾರದಾರ ಕೂಸಿನ ನೀರು ಇಟ್ಟೀರೇನ್ರಿ?"

"ಇಟ್ಟೇವ್ರಿ. ಒಂದು ಹುಡುಗಂದು."

"ಮುಚ್ಚೀರಿ?"

"ಮುಚ್ಚೇನ್ರಿ."

"ಹೋಗಿ ನೋಡಿ ಬರ್ರಿ" ಅಂದರು.

ಹೋಗಿ ನೋಡಿದೆ. ಮುಚ್ಚಿತ್ತು. ಹಾಗೆಂದು ಹೇಳಲು ಹೊರಗೆ ಬಂದೆ. ಅವರು ಅಲ್ಲೇ ನಿಂತು ಕಾಯುತ್ತಿದ್ದರು.